ಚೀಲ ಹಿಡಿದವನ ಗಂಗಾಸ್ನಾನ

ಕಾಶಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ನಾನು ಗಂಗೆಯಲ್ಲಿ ಮುಳುಗಿರಲಿಲ್ಲ. ಶಾಸ್ತ್ರದ ಬೆಂಬಲ ಮಾತ್ರ ಹುಡುಕಿಟ್ಟುಕೊಂಡಿದ್ದೆ. ಸ್ನಾನದಲ್ಲಿ ಹಲವು ಬಗೆಯಂತೆ; ಬೂದಿ ಬಳಿದುಕೊಂಡರೂ ಸ್ನಾನ, ಹಸುಗಳ ಗೊರಸಿನ ಧೂಳಿನಲ್ಲಿ ನಿಂತರೂ ಸ್ನಾನ, ಬರೀ ಮನಸ್ಸಿನಲ್ಲಿ ಮಿಂದರೂ ಸ್ನಾನ. ಈ ಕೊನೆಯದನ್ನು ಹೇಳಿದ ಋಷಿ ನನ್ನಂತೆಯೇ ಪುಕ್ಕಲನಿರಬೇಕು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ನಮ್ಮಂಥವರಿಗೆ ನದಿಯೆಂದರೆ ಅಸ್ಸಿ ಘಾಟಿನ ಮೆಟ್ಟಿಲಲ್ಲಿ ಕೂತು ಚಹಾ ಕುಡಿಯುವಾಗ ಎದುರಿಗಿರುವ ಚಿತ್ರ. ಚಿತ್ರದೊಳಕ್ಕೆ ಯಾರಾದರೂ ಇಳಿಯುತ್ತಾರೆಯೇ?

ಹೆಂಡತಿ ಶಾರದಾ ಹಾಗಲ್ಲ. ಹರಿಹರದವಳು, ತುಂಗಭದ್ರೆಯಲ್ಲಿ ಈಜಿ ಬೆಳೆದವಳು. ಮದುವೆಯಾದ ಮೇಲೆ ಈಜಿರಲಿಲ್ಲ. ಯಾಕೆಂದು ನಾನು ಕೇಳಿರಲೂ ಇಲ್ಲ. ಕಳೆದ ಚೈತ್ರದಲ್ಲಿ ಪಕ್ಕದ ಮನೆಯ ವಿಮಲಾ ಭಾಭಿ, ಇದೇ ಊರಲ್ಲಿ ಹುಟ್ಟಿದವರು, “ಜಿಂದಗಿ ಭರ್ ಗಂಗಾಜೀ ಮೇಂ ನಹಾಯೇ, ತೈರನಾ ನಹೀಂ ಆಯಾ” ಎಂದು ಹಲುಬಿದರು. ಜೀವಮಾನವೆಲ್ಲ ಮಿಂದರೂ ಈಜು ಬರಲಿಲ್ಲವಂತೆ. ಶಾರದಾ ತಟ್ಟನೆ, “ಮೈಂ ಸಿಖಾಊಂಗೀ”, ನಾನು ಕಲಿಸುತ್ತೇನೆ, ಎಂದುಬಿಟ್ಟಳು.

ನನ್ನ ಮುಖ ನೋಡಿ, “ನೀವ್ ಚೀಲ ಹಿಡ್ಕಂಡು ಕುಂತಿರ್ರಿ, ಸಾಕು” ಎಂದಳು.

ಕುಳಿತೆ. ಭಾಭಿ ಸೊಂಟಮಟ್ಟದ ನೀರಿನಲ್ಲಿ ದೋಣಿಯ ಹಗ್ಗ ಹಿಡಿದು ಕಾಲು ಬಡಿಯತೊಡಗಿದರು. ಒಂದು ಬೆಳಿಗ್ಗೆ ಶಾರದಾ, ಅಲ್ಲೇ ಕಟ್ಟಿದ್ದ ದೊಡ್ಡ ದೋಣಿಯನ್ನು ಸುತ್ತಿ ಬರುತ್ತೇನೆಂದು ಹೊರಟಳು. ದೋಣಿಯ ಹಿಂದೆ ಹೋದಳು. ಆ ಬದಿಯಿಂದ ಬರಲಿಲ್ಲ. ಈ ಬದಿಗೂ ಬರಲಿಲ್ಲ. “ಶಾರದಾ!” ಎಂದು ಕೂಗಿದೆ. ಯಾವಾಗ ಎದ್ದೆನೋ ತಿಳಿಯದು. ಪಾಚಿಯ ಮೆಟ್ಟಿಲಿನಲ್ಲಿ ಜಾರಿ, ಶೂ, ಕನ್ನಡಕ, ಚೀಲ ಸಮೇತ ಗಂಗೆಗೆ ಬಿದ್ದೆ. ಭಾಭಿ ಕಾಲರ್ ಹಿಡಿದು ಎತ್ತಿದರು.

ಅಷ್ಟರಲ್ಲಿ ಶಾರದಾ ದೋಣಿಯ ಮರೆಯಿಂದ ಬಂದಳು. ದೋಣಿಯಲ್ಲಿ ರಾಣೇಬೆನ್ನೂರಿನ ಅಜ್ಜಿಯರಿದ್ದರಂತೆ. ಕನ್ನಡ ಕಿವಿಗೆ ಬಿದ್ದದ್ದೇ ಅಂಚು ಹಿಡಿದು ಹರಟೆಗೆ ನಿಂತಿದ್ದಳು.

“ಏನ್ರೀ, ಶೂ ಹಾಕ್ಕಂಡೇ ಬಂದೀರಲ್ಲ!” ಎಂದು ನಕ್ಕಳು.

“ನೀನು ಕಾಣಲಿಲ್ಲ” ಎಂದೆ.

ಅವಳ ನಗು ನಿಂತಿತು. ಬಳಿಗೆ ಬಂದು ಕೈ ಹಿಡಿದಳು. “ಹೆಂಗೂ ತೊಯ್ದೀರಿ. ಆ ಶೂ ಬಿಚ್ರಿ, ಮಲಗ್ರಿ, ಆಕಾಶ ನೋಡ್ರಿ.” ನನ್ನ ಬೆನ್ನ ಕೆಳಗೆ ಅವಳ ಅಂಗೈ. ಕಿವಿಯೊಳಗೆ ನೀರು ತುಂಬಿ ಘಾಟಿನ ಗದ್ದಲವೆಲ್ಲ ದೂರ ಸರಿಯಿತು. ಅವಳು ಅಂಗೈ ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ.

ಈಗ ಭಾನುವಾರಗಳಂದು ನಮ್ಮದೊಂದು ಗುಂಪೇ ಇದೆ: ಗಲ್ಲಿಯ ನಾಲ್ಕಾರು ಹೆಂಗಸರು, ನನ್ನ ವಿಭಾಗದ ಇಬ್ಬರು ಅಂಜುಬುರುಕರು. ಹೂವಿನ ಜೊತೆ ಪ್ಲಾಸ್ಟಿಕ್ ಎಸೆಯುವವರಿಗೆ ಭಾಭಿ ನೀರಿನಿಂದಲೇ ಗದರುತ್ತಾರೆ. ಮೊದಲು ನನಗೆ ಅದು ನಗರಪಾಲಿಕೆಯ ಕೆಲಸವೆನಿಸುತ್ತಿತ್ತು. ನಾಲ್ಕು ಗುಟುಕು ಕುಡಿದ ಮೇಲೆ ಅಭಿಪ್ರಾಯ ಬದಲಾಯಿತು. ಬಾಯಿಗೆ ಹೋಗುವ ನೀರು ಪರರದಾಗುವುದು ಹೇಗೆ?

ಮೊನ್ನೆ ಮೆಟ್ಟಿಲ ಮೇಲೆ ನಿಂತಿದ್ದ ಯಾತ್ರಿಕನೊಬ್ಬ ಆಳ ಎಷ್ಟಿದೆಯೆಂದು ಕೇಳಿದ. ಎಲ್ಲಿಯವರೆಗೆ ಬರಬಹುದೆಂದು ಗತ್ತಿನಿಂದ ತೋರಿಸಿದೆ.

“ಆಪ್ ಯಹೀಂ ಕೇ ಹೈಂ?” ಎಂದ. ಇಲ್ಲಿಯವರೇ ಎಂದು.

ಇಷ್ಟು ವರ್ಷ ಈ ಪ್ರಶ್ನೆಗೆ ದಾವಣಗೆರೆ ಎನ್ನುತ್ತಿದ್ದೆ. ಎದೆಮಟ್ಟ ನೀರಿನಲ್ಲಿ ನಿಂತವನಿಗೆ ಅದು ಬಾಯಿಗೆ ಬರಲಿಲ್ಲ.

“ಹಾಂ, ಯಹೀಂ ಕೇ” ಎಂದೆ.

ಶಾರದಾ ತಿರುಗಿ ನೋಡಿದಳು, ತಿದ್ದಲಿಲ್ಲ.