ಮೇಸ್ತ್ರಿ ಕಾಕಾ ಮಾಡಿದ ಹಲ್ಲಿನ ಸಾಮಾನು

ಹೋದ ವಾರ ಆಸ್ಪತ್ರೆಯ ಹಳೆಯ ಕಪಾಟು ಖಾಲಿ ಮಾಡುವಾಗ ಕೆಳಗಿನ ಖಾನೆಯಲ್ಲಿ ಕೆಂಪು ಚೌಕಳಿಯ ಬಟ್ಟೆಯೊಂದು ಸಿಕ್ಕಿತು. ಮಶೀನ್ ಎಣ್ಣೆಯ ವಾಸನೆ ಅದರಲ್ಲಿ ಇನ್ನೂ ಉಳಿದಿತ್ತು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಲೇತ್ ಮಶೀನ್ ಇಟ್ಟಿದ್ದ ಮೇಸ್ತ್ರಿ ಕಾಕಾ ಅದರಲ್ಲಿ ಒಂದು ಉಪಕರಣ ಸುತ್ತಿ ಕೊಟ್ಟಿದ್ದರು...

ಆಗಿನ್ನೂ ನಾನು ಕೊಪ್ಪಳದ ಈ ಸಣ್ಣ ಹೆರಿಗೆ ಆಸ್ಪತ್ರೆಗೆ ಹೊಸ ನರ್ಸ್. ಹೆಂಗಸರ ಒಳತಪಾಸಣೆಗೆ ನಮ್ಮಲ್ಲಿದ್ದದ್ದು ಬಾತುಕೋಳಿಯ ಕೊಕ್ಕಿನಂಥ ಸ್ಟೀಲಿನ ಉಪಕರಣ. ಅಂಚು ಒರಟು. ಸ್ಕ್ರೂ ತಿರುಗಿಸಿದರೆ ಕಿರ್ರ್ ಎನ್ನುತ್ತಿತ್ತು. ಕುಷ್ಟಗಿ ಕಡೆಯ ಅಜ್ಜಿಯೊಬ್ಬಳು ಆ ಸದ್ದಿಗೇ ಎರಡು ಸಲ ಮೇಜಿನಿಂದ ಇಳಿದು ಬಸ್ಸು ಹತ್ತಿದ್ದಳು. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಅವಳಿಗೆ ರಕ್ತ ಹೋಗುತ್ತಿತ್ತು. "ನೋಡದ ಬಿಟ್ರ ಮುದುಕಿ ಉಳಿಯೂದಿಲ್ಲ" ಎಂದು ಡಾಕ್ಟರಮ್ಮ ಚಿಂತೆಯಲ್ಲಿದ್ದರು. ಹೊಸದಾಗಿ ತರಿಸಿದ್ದೂ ಹಾಗೇ ಇತ್ತು. ಡಾಕ್ಟರಮ್ಮನನ್ನು ಕೇಳಿ, ಬಳಸದ ಒಂದನ್ನು ಚೀಲದಲ್ಲಿಟ್ಟುಕೊಂಡು ಕಾಕಾನ ಬಳಿ ಹೋದೆ.

ಕಾಕಾ ಅದನ್ನು ತಿರುಗಿಸಿ ನೋಡಿದರು. "ಎಮ್ಮಿ ಬಾಯಿ ತೆಗಸೂದೇನ, ನರ್ಸವ್ವಾ?"

"ಹೆಣ್ಮಕ್ಕಳ ತಪಾಸಣಿದ್ರಿ, ಕಾಕಾ."

"ಹೆಣ್ಮಕ್ಕಳ ಬಾಯಿ ತೆಗಸಾಕ ಸಾಮಾನು ಯಾಕ ಬೇಕು?"

ಒಳಗಿಂದ ಕಾಕು ಬಂದು ಗಂಡನ ಕಿವಿಯಲ್ಲಿ ಏನೋ ಹೇಳಿದರು. ಕಾಕಾ ಕೂಡಲೇ ಹೆಗಲ ಮೇಲಿನ ಟವೆಲ್ ತೆಗೆದು ಉಪಕರಣಕ್ಕೆ ಹೊದಿಸಿದರು. ನನ್ನ ಕಡೆ ನೋಡದೆ, "ಯಾರ ಮುಂದೂ ಹೇಳಬ್ಯಾಡ ತಂಗಿ. ಇಲ್ಲಿ ನಾಲ್ಕು ಮಂದಿ ಗಂಡಸರು ಬಂದು ಕುಂದರ್ತಾರ" ಎಂದರು.

ಅಜ್ಜಿ ಎರಡು ಸಲ ಓಡಿಹೋದದ್ದನ್ನು ಹೇಳಿದೆ. ಕಾಕಾ ಮೂರು ದಿನ ಉಜ್ಜಿದರು. ನುಣುಪಾಯಿತೋ ಇಲ್ಲವೋ ಯಾರನ್ನು ಕೇಳುವುದು? ಹೆಂಡತಿಯನ್ನು ಕೇಳಲೂ ನಾಚಿಕೆ. ಕೊನೆಗೆ ತಮ್ಮ ಬಾಯಿಗೇ ಇಟ್ಟುಕೊಂಡು ಸ್ಕ್ರೂ ತಿರುಗಿಸಿದ್ದಾರೆ. ಅದು ಅಲ್ಲೇ ಬಿಗಿದುಕೊಂಡಿದೆ. ನಾನು ಡ್ಯೂಟಿ ಮುಗಿಸಿ ಬಂದಾಗ ಕಾಕಾ ಬಾಯಿ ತೆರೆದುಕೊಂಡೇ ಕೂತಿದ್ದರು, ಕಣ್ಣಲ್ಲಿ ನೀರು. ನೇಗಿಲು ರಿಪೇರಿಗೆ ತಂದಿದ್ದ ಟ್ರ್ಯಾಕ್ಟರಿನವನು ಎದುರಿಗೆ ನಿಂತಿದ್ದ.

"ಏನಾತ್ರಿ ಇವರಿಗೆ?"

"ಹಲ್ಲಿನ ಡಾಕ್ಟರ ಸಾಮಾನು" ಎಂದರು ಕಾಕು, ನಗದೆ. "ಮದುವಿ ಆದಾಗಿಂದ ಇವತ್ತ ನೋಡಪಾ, ಈ ಮನಿಯಾಗ ನಾ ಒಬ್ಬಾಕಿನ ಮಾತಾಡಾಕತ್ತೀನಿ."

ನಾನು ಬಿಡಿಸಿದೆ. ಟ್ರ್ಯಾಕ್ಟರಿನವನು ಹೋದ ಮೇಲೂ ಕಾಕಾ ದವಡೆ ಹಿಡಿದುಕೊಂಡೇ ಇದ್ದರು. ಆಮೇಲೆ ಮೆಲ್ಲಗೆ, "ಬಾಯಾಗ ಇಷ್ಟು ಆತಂದ್ರ... ಆ ಮುದುಕಿ ಓಡಿ ಹೋಗಿದ್ದು ತಪ್ಪಲ್ಲ ಬಿಡು" ಎಂದರು.

ಮತ್ತೆ ಮೊದಲಿನಿಂದ ಕೂತರು. ತುದಿಯನ್ನು ಬಳೆಯ ಅಂಚಿನ ಹಾಗೆ ದುಂಡಗೆ ಮಾಡಿದರು. ಸ್ಕ್ರೂ ಬದಲಿಸಿ ಕಿರ್ರ್ ಸದ್ದು ಹೋಗಲಾಡಿಸಿದರು. ಕೊಡುವಾಗ, "ಭಾಳ ತಣ್ಣಗ ಐತಿ. ಬೆಚ್ಚಗ ಮಾಡಿ ಇಡ್ರಿ" ಎಂದರು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಡಾಕ್ಟರಮ್ಮ ಬೆರಳಾಡಿಸಿ ನೋಡಿ, ಕುದಿಸಿ, ಬಳಕೆಗೆ ತೆಗೆದುಕೊಂಡರು. ಹೇಳಿ ಕಳಿಸಿದ ಮೇಲೆ ಅಜ್ಜಿ ಮೂರನೆಯ ಸಲ ಬಂದಳು. ಸೆರಗು ಕಚ್ಚಿ, ಕಣ್ಣು ಮುಚ್ಚಿ ಮಲಗಿದಳು. ಎಲ್ಲ ಮುಗಿದು ಡಾಕ್ಟರಮ್ಮ ಕೈ ತೊಳೆಯುತ್ತಿದ್ದಾಗ, "ಲಗೂನ ಚಾಲೂ ಮಾಡ್ರಿ, ನನ್ನ ಬಸ್ ಹೋಗತೈತಿ" ಎಂದಳು.

ರೋಗ ಸಮಯಕ್ಕೆ ಪತ್ತೆಯಾಯಿತು, ಅಜ್ಜಿ ಉಳಿದಳು. ಮುಂದೆ ಎಷ್ಟೋ ವರ್ಷ ದಾಳಿಂಬೆ ತಂದುಕೊಡುತ್ತಿದ್ದಳು. ಅರ್ಧ ನಾನು ಕಾಕಾನ ಮನೆಗೆ ಮುಟ್ಟಿಸುತ್ತಿದ್ದೆ. ಯಾರು ಕೊಟ್ಟದ್ದೆಂದು ಅವರು ಒಮ್ಮೆಯೂ ಕೇಳಲಿಲ್ಲ.

ಈ ವರ್ಷ ಕಾಕಾ ತೀರಿಕೊಂಡರು. ಮೂರನೆಯ ದಿನ ಅಂಗಳದಲ್ಲಿ ಕೂತವರು ಅವರು ಮಾಡಿದ ಕೂರಿಗೆ, ಸರಿಪಡಿಸಿದ ಪಂಪುಗಳ ಮಾತಾಡಿದರು. "ಹಲ್ಲಿನ ಸಾಮಾನೂ ಮಾಡ್ಯಾರ್ರಿ, ನಾ ಕಣ್ಣಾರೆ ನೋಡೀನಿ" ಎಂದ ಟ್ರ್ಯಾಕ್ಟರಿನವನು. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ಎಲ್ಲರೂ ಅಂದುಕೊಂಡರು. ಅವರು ನನ್ನ ಮೊಣಕೈ ಚಿವುಟಿದ್ದರಿಂದ ಅದು ನಗುವೆಂದು ನನಗೆ ಗೊತ್ತಾಯಿತು. ಆಮೇಲೆ ಅದು ಅಳುವೇ ಆಯಿತು...

ಇದನ್ನು ಬರೆಯಲೇ ಎಂದು ಮೊನ್ನೆ ಕಾಕುವನ್ನು ಕೇಳಿದೆ. "ಬರಿಯವ್ವ. ಇನ್ನ ಯಾರು ನಾಚಿಕೋಬೇಕು" ಎಂದರು.

ಈಗ ನಮ್ಮಲ್ಲಿಗೆ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ಕಿನವು ಬರುತ್ತವೆ. ತೆರೆಯುವಾಗ ಕಟಕ್ ಎನ್ನುತ್ತವೆ, ಮೇಜಿನ ಮೇಲಿದ್ದವಳು ಬೆಚ್ಚುತ್ತಾಳೆ. ಒಂದನ್ನು ಚೀಲದಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋಗಬೇಕೆನಿಸುತ್ತದೆ. ಅಲ್ಲಿ ಲೇತ್ ಮಶೀನಿನ ಮೇಲೆ ಕಾಕು ಈಗ ಕಾಕಾನ ಟವೆಲ್ ಹೊದಿಸಿದ್ದಾರೆ.