ಅತ್ತಿಗೆಗೆ ಸಿಗಬೇಕಿದ್ದ ಕುರ್ಚಿ

ನನ್ನ ಅತ್ತಿಗೆ ದೇವರ ಹತ್ತಿರ ದೊಡ್ಡದೇನನ್ನೂ ಕೇಳಿದವಳಲ್ಲ. ಈಚೆಗೆ ಅವಳು ಕೇಳುತ್ತಿದ್ದುದು ಒಂದು ಕುರ್ಚಿ. ಮಂತ್ರಿಗಿರಿಯ ಕುರ್ಚಿಯಲ್ಲ ಮಾರಾಯರೇ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕಿಟಕಿ ಪಕ್ಕದ ಹೊಲಿಗೆ ಮೇಜಿನ ಹಿಂದಿರುವ ಮರದ ಕುರ್ಚಿ. ಹರಿದ ಹೊದಿಕೆ, ಬಾಯಿ ಬಿಟ್ಟ ದಿಂಬಿನ ಚೀಲ, ಗುಂಡಿ ಕಿತ್ತ ರೋಗಿಗಳ ಅಂಗಿ ಎಲ್ಲ ಆ ಮೇಜಿಗೆ ಬರುತ್ತವೆ. ಆ ವಿಭಾಗದಲ್ಲಿ ಕೂತು ಮಾಡುವ ಕೆಲಸ ಅದೊಂದೇ.

ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷದಿಂದ ಅವಳು ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದಾಳೆ. ಒದ್ದೆ ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಜೊತೆಗಾತಿಯ ಕೈಯಲ್ಲಿ. ಇಬ್ಬರೂ ಎಳೆದು ಹಿಡಿದು ಬಿಸಿ ಉರುಳೆಯ ಬಾಯಿಗೆ ಕೊಡಬೇಕು, ಆಚೆಯಿಂದ ಅದು ಒಣಗಿ ನುಣ್ಣಗೆ ಬರುತ್ತದೆ. ಬಂತು ಅನ್ನುವಷ್ಟರಲ್ಲಿ ಮುಂದಿನದು ಕೈಗೆ ಬಂದಿರುತ್ತದೆ. ಮೇಲೆ ಹಬೆ, ಕೆಳಗೆ ನೀರು ನಿಂತ ಸಿಮೆಂಟು ನೆಲ. ನಾನೂ ಅದೇ ಆಸ್ಪತ್ರೆಯವಳೇ, ಆದರೆ ವಿಚಾರಣೆ ಕಿಟಕಿಯಲ್ಲಿ ಕೂರುತ್ತೇನೆ. ದಿನವೆಲ್ಲ ಕೂತು ಕೂತು ಬೆನ್ನು ಬಿದ್ದುಹೋಯಿತು ಎಂದು ಮನೆಗೆ ಬಂದು ಗೊಣಗುವವಳು ನಾನು, ಸ್ಟವ್ ಮುಂದೆ ಮತ್ತೆ ನಿಲ್ಲುವವಳು ಅವಳು.

ರಬ್ಬರ್ ಬೂಟು ಉಜ್ಜಿ ಹೆಬ್ಬೆರಳಿನ ಬುಡದಲ್ಲಿ ಒಂದು ಗುಳ್ಳೆ ಎದ್ದಿತು. ಗುಳ್ಳೆ ಹುಣ್ಣಾಯಿತು. ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಮುಲಾಮು ಬರೆದುಕೊಟ್ಟು, "ನಿಲ್ಲೋದು ಕಮ್ಮಿ ಮಾಡಿ" ಎಂದರು. ಅವಳೇನೋ ಷೋಕಿಗೆ ನಿಲ್ಲುತ್ತಿದ್ದಳು ಅನ್ನುವ ಹಾಗೆ!

ಆದರೂ ಒಂದು ದಾರಿ ಕಂಡಿತ್ತು. ಹೊಲಿಗೆ ಮೇಜಿನ ಕನ್ನಡಕದಜ್ಜಿ ಆ ತಿಂಗಳ ಕೊನೆಗೆ ನಿವೃತ್ತಿಯಾಗುವವಳಿದ್ದಳು. ವಿಭಾಗದ ಸೂಪರ್‌ವೈಸರ್ ನಮ್ಮ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರು. ಆರಾಧನೆಯಲ್ಲಿ ಅವರ 'ಆಮೆನ್' ಬೀದಿಗೆ ಕೇಳುತ್ತದಾದ್ದರಿಂದ ಬಟ್ಟೆ ಒಗೆಯುವವರೆಲ್ಲ ಅವರನ್ನು ಹಿಂದಿನಿಂದ ಆಮೆನ್ ಸಾಹೇಬರು ಎನ್ನುತ್ತಾರೆ. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅತ್ತಿಗೆಯ ಕಾಲಿನ ಪಟ್ಟಿ ನೋಡಿ ಅವರೇ ಕರೆದು ಹೇಳಿದ್ದರು: "ಅಜ್ಜಿ ಹೋದ್ಮೇಲೆ ಆ ಮೇಜು ನಿಮ್ಗೇ ಸಿಸ್ಟರ್. ಅಲ್ಲಿವರೆಗೆ ಹೇಗೋ ತಳ್ಳಿ."

ಅತ್ತಿಗೆ ತಳ್ಳುತ್ತಿದ್ದಳು. ಅಷ್ಟರಲ್ಲಿ ಹೊರದೇಶದಿಂದ ಯುವಕರ ತಂಡ ಬಂತು.

ಪ್ರತಿ ವರ್ಷ ಒಂದು ತಂಡ ಬರುತ್ತದೆ. ಅವರ ದೇಶದ ಯಾವುದೋ ಸಭೆಯ ಹುಡುಗ ಹುಡುಗಿಯರು, ಶಾಲೆ ಕಾಲೇಜಿನ ರಜೆಯಲ್ಲಿ ಸೇವೆ ಮಾಡಲೆಂದು ಬರುತ್ತಾರೆ. ಒಂದೇ ಬಣ್ಣದ ಅಂಗಿ, ಬೆನ್ನಿಗೆ ತಮಗಿಂತ ಭಾರದ ಚೀಲ. ಮಕ್ಕಳಿಗೆ ಹಾಡು ಕಲಿಸುತ್ತಾರೆ, ಸಭೆಯ ಕಟ್ಟಡಕ್ಕೆ ಸುಣ್ಣ ಬಳಿಯುತ್ತಾರೆ, ದೇವರು ತಮಗೆ ಮಾಡಿದ್ದನ್ನು ಎದ್ದುನಿಂತು ಸಾಕ್ಷಿ ಹೇಳುತ್ತಾರೆ, ಅಳುತ್ತಾ ಹೋಗುತ್ತಾರೆ. ಒಳ್ಳೆಯ ಮಕ್ಕಳು. ಆದರೆ ಸೇವೆ ಮಾಡಲು ಬಂದವರಿಗೆ ಸೇವೆ ಮಾಡುವುದು ಎಂಥ ಕೆಲಸ ಅನ್ನುವುದು ಮಾಡಿದವರಿಗೇ ಗೊತ್ತು. ಕುದಿಸಿ ಆರಿಸಿದ ನೀರು ಬೇಕು, ಖಾರ ಇರಬಾರದು, ಸ್ನಾನದ ಮನೆಯ ಚಿಲಕ ಸರಿಯಿರಬೇಕು.

"ಇಬ್ಬರು ಹುಡುಗಿಯರು ನಿಮ್ಮನೇಲಿ ಇರ್ಲಿ ಅಮ್ಮಾ," ಎಂದರು ಪಾಸ್ಟರು. ನಾನು ಅತ್ತಿಗೆಯ ಮೊಣಕೈ ತಿವಿದೆ. ಅವಳು "ಆಗ್ಲಿ ಅಯ್ಯನೋರೆ" ಎಂದೇಬಿಟ್ಟಳು. ದಾರಿಯಲ್ಲಿ ನಾನು ಹಾರಾಡಿದೆ. "ನಿನ್ ಕಾಲು ನೋಡ್ಕೊಂಡಿದ್ಯಾ? ನಿಂಗೇ ಒಬ್ರು ಆಳು ಬೇಕು, ನೀನ್ಯಾರಿಗೆ ಮಾಡ್ತೀಯ?"

"ಪರದೇಶಿ ಮಕ್ಕಳು ಕಣೆ. ಅವರಮ್ಮಂದಿರು ಏನಂದ್ಕೊಂಡು ಕಳ್ಸಿರ್ತಾರೋ."

ಮಂಚ ಹುಡುಗಿಯರಿಗೆ ಹೋಯಿತು. ಅತ್ತಿಗೆಯ ಹಾಸಿಗೆ ಅಡುಗೆಮನೆಯ ನೆಲಕ್ಕೆ ಬಂತು. ಅಣ್ಣ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು, ಬಂದ ದಿನ ಮುಂಬಾಗಿಲ ಬಳಿ ಕಾಲು ಚಾಚುತ್ತಾನೆ, ಎಲ್ಲಿ ಮಲಗಿದರೂ ಅವನಿಗೆ ನಿದ್ದೆ ಬರುತ್ತದೆ. ನಿದ್ದೆ ಬರದವಳು ಅತ್ತಿಗೆಯೇ.

ಹುಡುಗಿಯರಲ್ಲಿ ಒಬ್ಬಳು ಗಟ್ಟಿಗಿತ್ತಿ, ಹಾಕಿದ್ದನ್ನು ಉಂಡು ಹೊದ್ದು ಮಲಗುತ್ತಿದ್ದಳು. ಇನ್ನೊಬ್ಬಳು ತಟ್ಟೆಯಲ್ಲಿ ಕೆದಕಿ ಕೆದಕಿ ನಾಲ್ಕು ಅಗುಳು ತಿನ್ನುತ್ತಿದ್ದಳು. ಅವಳಿಗೆ ಗುಬ್ಬಚ್ಚಿ ಎಂದು ಹೆಸರಿಟ್ಟೆ. ಗುಬ್ಬಚ್ಚಿಗೆ ಸೇವೆಯ ಹುಚ್ಚು. ಬಂದ ಮರುದಿನವೇ ಪಾತ್ರೆ ತೊಳೆಯುತ್ತೇನೆಂದು ಹೊರಟು ಇದ್ದಬದ್ದ ಸೋಪಿನ ಪುಡಿಯನ್ನೆಲ್ಲ ಬಚ್ಚಲಿಗೆ ಸುರಿದಳು. ಸುಣ್ಣ ಬಳಿಯಲು ಹೋದವಳು ಏಣಿಯ ಮೇಲೆ ತಲೆ ತಿರುಗಿ ಕೂತಳು. ಆಮೇಲೆ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಳು. ಅತ್ತಿಗೆ ಕೆಲಸದಿಂದ ಬಂದು ಅವಳ ಬಟ್ಟೆ ಒಗೆದು, ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸಿ, ತಲೆ ನೇವರಿಸುತ್ತ ಕೂರುತ್ತಿದ್ದಳು. ಇವಳ ಮಾತು ಅವಳಿಗೆ ತಿಳಿಯದು, ಅವಳದು ಇವಳಿಗೆ ತಿಳಿಯದು. "ಏನೂ ಆಗಲ್ಲ ಮಗಾ, ಕುಡಿ," ಎಂದರೆ ಅವಳು ಕುಡಿಯುತ್ತಿದ್ದಳು.

ಚೇತರಿಸಿಕೊಂಡು ಎದ್ದ ದಿನ ಗುಬ್ಬಚ್ಚಿ ಪಾಸ್ಟರ ಮುಂದೆ ಗೊಳೋ ಎಂದು ಅತ್ತಳಂತೆ. ಪಾಸ್ಟರು ಅದನ್ನು ನಮಗೆ ಬಂದು ಹೇಳಿದರು. "ಎಲ್ರೂ ಏನೋ ಒಂದು ಮಾಡಿದ್ರು, ನಾನು ಮಾತ್ರ ಆ ಅಮ್ಮನಿಗೆ ಭಾರ ಆದೆ, ದೇವರು ನನ್ನನ್ನ ಯಾಕೆ ಕಳಿಸಿದ್ನೋ ಅಂತ ಅಳ್ತಾಳಮ್ಮಾ." ಅತ್ತಿಗೆಗೆ ಕರುಳು ಚುರ್ ಎಂದಿತು. ನನಗೂ ಅನ್ನಿ, ಆದರೆ ನನಗೆ ಸೋಪಿನ ಪುಡಿಯೂ ನೆನಪಿತ್ತು.

ತಂಡ ಹೊರಡುವ ಹಿಂದಿನ ಸಂಜೆ ಪಾದ ತೊಳೆಯುವ ಕೂಟ. ಬಂದ ಮಕ್ಕಳು ನಮ್ಮ ಸಭೆಯ ಹೆಂಗಸರ ಪಾದ ತೊಳೆದು, ಒರೆಸಿ, ಪ್ರಾರ್ಥನೆ ಮಾಡುತ್ತಾರೆ. ಕರ್ತನು ಶಿಷ್ಯರಿಗೆ ಮಾಡಿದ ಹಾಗೆ. ನಮ್ಮ ಹೆಂಗಸರ ಕಥೆ ಕೇಳಬೇಕು. ಹೊರಗಿನವರ ಮುಂದೆ ಕೊಳಕು ಕಾಲು ಚಾಚುವುದುಂಟೇ? ಮಧ್ಯಾಹ್ನದಿಂದ ಒಬ್ಬೊಬ್ಬರೂ ಮನೆಯಲ್ಲಿ ಕಲ್ಲು ಹಿಡಿದು ಹಿಮ್ಮಡಿ ಉಜ್ಜಿದ್ದೇ ಉಜ್ಜಿದ್ದು. ಉಗುರು ಕತ್ತರಿಸಿ, ಎಣ್ಣೆ ಹಚ್ಚಿ, ದಾರಿಯ ದೂಳು ತಾಗದಂತೆ ಕಾಲುಚೀಲ ಹಾಕಿಕೊಂಡು ಬಂದು ಸಾಲಾಗಿ ಕೂತರು. ಪಾಪ, ಆ ಮಕ್ಕಳು ಬೋಗುಣಿ ಹಿಡಿದು ಬಂದು ಪಳಪಳ ಹೊಳೆಯುವ ಪಾದಗಳನ್ನು ಭಕ್ತಿಯಿಂದ ತೊಳೆದರು. ಬೋಗುಣಿಯ ನೀರು ಕುಡಿಯುವಷ್ಟು ತಿಳಿಯಾಗಿಯೇ ಉಳಿಯಿತು.

ತೊಳೆಸಿಕೊಳ್ಳಬೇಕಾದ ಕಾಲು ಇದ್ದುದು ಅತ್ತಿಗೆಯದೊಂದೇ. ಅವಳು ಕೆಲಸದಿಂದ ನೇರವಾಗಿ ಬಂದಿದ್ದಳು. ಜೊತೆಗಾತಿ ರಜೆ ಹಾಕಿದ್ದರಿಂದ ಅವಳ ಪಾಲನ್ನೂ ಎಳೆದು ಬಂದಿದ್ದಳು. ಹಿಂದಿನ ಬಾಗಿಲಲ್ಲಿ ಗೋಡೆಗೆ ಒರಗಿ ನಿಂತವಳನ್ನು ಗುಬ್ಬಚ್ಚಿ ಕಂಡಳು, ಓಡಿಬಂದು ಕೈಹಿಡಿದು ಕರೆದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. "ಬೇಡ ಅನ್ಬೇಕು ಅಂತಿದ್ದೆ, ಕುರ್ಚಿ ನೋಡಿ ಸುಮ್ನಾದೆ," ಎಂದು ಅತ್ತಿಗೆ ಆಮೇಲೆ ನನ್ನ ಬಳಿ ನಕ್ಕಳು.

ಗುಬ್ಬಚ್ಚಿ ಅವಳ ಬೂಟು ತೆಗೆದಳು. ಪಟ್ಟಿ ಒದ್ದೆಯಾಗಿ ಅಂಟಿಕೊಂಡಿತ್ತು. ಅದನ್ನು ಬಿಚ್ಚಿದಾಗ ಕಂಡ ಹುಣ್ಣು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು, ಅಂಚು ಬೆಳ್ಳಗೆ, ನಡುವೆ ಕೆಂಪಗೆ. ಹತ್ತಿರವಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಗುಬ್ಬಚ್ಚಿ ಮೂಗು ಮುಚ್ಚಲಿಲ್ಲ. ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಅಳತೊಡಗಿದಳು. ನಿಜವಾದ ಅಳು, ಮೂಗು ಸುರಿಸುತ್ತಾ ಅಳುವ ಅಳು. ಹುಣ್ಣಿನ ಸುತ್ತ ಮೆಲ್ಲಗೆ ತೊಳೆದಳು, ಒತ್ತಿ ಒರೆಸಿದಳು. ಗಿಟಾರಿನ ಹುಡುಗ ಬಾರಿಸುವುದನ್ನು ನಿಲ್ಲಿಸಿ ಬಂದು ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟ. ಒಬ್ಬೊಬ್ಬರಾಗಿ ತಂಡವೆಲ್ಲ ಸುತ್ತ ನೆರೆದು ವಾಸಿಗಾಗಿ ಪ್ರಾರ್ಥಿಸಿತು. ನಮ್ಮವರೂ ಎದ್ದರು. ಆಮೆನ್ ಸಾಹೇಬರ ಕಣ್ಣಲ್ಲೂ ನೀರು.

ಪ್ರಾರ್ಥನೆ ಮುಗಿದ ಮೇಲೆ ಗುಬ್ಬಚ್ಚಿ ತಲೆಯೆತ್ತಿ ಏನೋ ಕೇಳಿದಳು. ಪಾಸ್ಟರು ಮೈಕಿನಲ್ಲಿ ನಮ್ಮ ಮಾತಿಗೆ ತಂದರು: "ನೋವು ಈಗ್ಲೂ ಇದೆಯಾ ಅಮ್ಮಾ ಅಂತ ಕೇಳ್ತಿದ್ದಾಳೆ." ಮೈಕನ್ನು ಅತ್ತಿಗೆಯ ಬಾಯಿ ಮುಂದೆ ಹಿಡಿದರು. ಅತ್ತಿಗೆ ಆ ಹುಡುಗಿಯ ಕೆಂಪು ಮೂಗು ನೋಡಿದಳು, ಊದಿದ ಕಣ್ಣು ನೋಡಿದಳು.

"ಇಲ್ಲ," ಎಂದಳು. "ನೋವು ಹೋಯ್ತು."

ಸ್ತೋತ್ರ, ಹಲ್ಲೆಲೂಯ, ಚಪ್ಪಾಳೆ! ಗುಬ್ಬಚ್ಚಿ ಅತ್ತಿಗೆಯ ಕೊರಳಿಗೆ ಬಿದ್ದಳು. ಅಷ್ಟು ಜನರ ನಡುವೆ ಆಮೆನ್ ಸಾಹೇಬರ ಕೂಗು ಎದ್ದು ಕೇಳಿತು. ಮರುದಿನ ತಂಡ ಹೊರಟಿತು. ಬಸ್ಸಿನ ಕಿಟಕಿಯಿಂದ ಕೈ ಬೀಸಿದ ಗುಬ್ಬಚ್ಚಿಯ ಮುಖದಲ್ಲಿ ಎಂಥ ಕಳೆ ಅಂತೀರಿ! ಬಂದದ್ದಕ್ಕೂ ಸಾರ್ಥಕವಾಯಿತು ಅನ್ನುವ ಕಳೆ.

ತಿಂಗಳ ಕೊನೆಗೆ ಕನ್ನಡಕದಜ್ಜಿ ನಿವೃತ್ತಿಯಾದಳು. ಮೇಜಿಗೆ ಬಂದು ಕೂತವಳು ಬಟ್ಟೆ ಹಿಂಡುವ ಯಂತ್ರದ ಹತ್ತಿರವಿದ್ದ, ತಿಂಗಳು ತುಂಬುತ್ತಿದ್ದ ಬಸುರಿ. ಅತ್ತಿಗೆ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಸಾಹೇಬರು ನಗುಮುಖದಲ್ಲೇ ಹೇಳಿದರು, ಅದರಲ್ಲಿ ಒಂದಿಷ್ಟೂ ಕುಹಕ ಇರಲಿಲ್ಲ.

"ನಿಮ್ಗೇ ಇಟ್ಟಿದ್ದೆ ಸಿಸ್ಟರ್, ಸುಳ್ಳು ಹೇಳಲ್ಲ. ಆದ್ರೆ ದೇವರು ನೆಟ್ಟಗೆ ಮಾಡಿದ ಕಾಲನ್ನ ಕೂರ್ಸೋಕೆ ನಾನ್ಯಾರು? ಆ ಹುಡುಗಿಗೆ ಯಾರೂ ಪ್ರಾರ್ಥನೆ ಮಾಡಿಲ್ಲ ನೋಡಿ, ಅವಳಾದ್ರೂ ಕೂತ್ಕೊಳ್ಲಿ."

ನನ್ನ ಮೈಯೆಲ್ಲ ಉರಿದುಹೋಯಿತು. "ಸರ್, ಆ ಕಾಲು..." ಎಂದು ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಹಿಂಡಿದಳು. ಮೇಜಿನ ಹಿಂದೆ ಆ ಬಸುರಿ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವಳನ್ನು ಎಬ್ಬಿಸಿ ಇವಳನ್ನು ಕೂರಿಸಿ ಎಂದು ಯಾವ ಬಾಯಲ್ಲಿ ಹೇಳುವುದು? ಬೈಯಲು ಕೂಡ ಯಾರೂ ಸಿಗದ ಸಿಟ್ಟು ಇದೆಯಲ್ಲ, ಅದರಷ್ಟು ಸುಸ್ತು ಮಾಡುವುದು ಬೇರೆ ಇಲ್ಲ.

ಮನೆಯಲ್ಲಿ ವಿಷಯ ತಿಳಿದು ಅಣ್ಣ ಊಟದ ತಟ್ಟೆ ಮುಂದೆಯೇ ಶುರು ಮಾಡಿದ. "ಬುದ್ಧಿ ಇದ್ಯಾ ನಿಂಗೆ? ಅಷ್ಟು ಜನರ ಮುಂದೆ ಹೋಯ್ತು ಅಂತ ಯಾಕೆ ಅಂದೆ? ಯಾರೋ ದಾರಿಹೋಕ ಹುಡುಗಿ, ನಾಳೆ ನಿನ್ನ ಹೆಸರೂ ನೆನಪಿರಲ್ಲ ಅವಳಿಗೆ. ಅವಳ ಮನಸ್ಸು ನೋಯ್ಬಾರ್ದು ಅಂತ ಸಿಕ್ಕ ಕುರ್ಚಿ ಕಳ್ಕೊಂಡ್ಯಲ್ಲ!"

ನಾನೂ ಸೇರಿಕೊಂಡೆ. "ಈಗ್ಲಾದ್ರೂ ಹೋಗಿ ನಿಜ ಹೇಳು ಅತ್ತಿಗೆ. ಇನ್ನೂ ಎಷ್ಟು ದಿನ ಹೀಗೆ ನಿಲ್ತೀಯ?"

ಅತ್ತಿಗೆ ಮಧ್ಯಾಹ್ನದ ಪಾಳಿಗೆ ಹೊರಟು ನಿಂತಿದ್ದಳು. ಹೊಸ ಪಟ್ಟಿಯನ್ನು ಹಲ್ಲಲ್ಲಿ ಹರಿದು ಗಂಟು ಹಾಕುತ್ತಿದ್ದವಳು ತಲೆಯೆತ್ತದೆ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

"ಅವಳ ಮನಸ್ಸು ನೋಯ್ಬಾರ್ದು ಅಂತಷ್ಟೇ ಅಲ್ಲ ಕಣ್ರೀ. ಆ ಮಗು ಕಾಲೆತ್ತಿ ಮಡಿಲಲ್ಲಿ ಇಟ್ಕೊಳ್ತಲ್ಲ, ಆಗ ಒಂದು ಗಳಿಗೆ ನಿಜವಾಗ್ಲೂ ನೋವು ಗೊತ್ತಾಗ್ಲಿಲ್ಲ. ನಾನು ಅದನ್ನೇ ಹೇಳಿದ್ದು. ಈ ಹುಣ್ಣಾದಾಗಿಂದ ಇಷ್ಟು ಜನ ಮುಲಾಮು ಹಚ್ಕೋ ಅಂದ್ರಿ, ಡಾಕ್ಟರಿಗೆ ತೋರ್ಸು ಅಂದ್ರಿ, ಕುರ್ಚಿ ಕೇಳು ಅಂದ್ರಿ. ಕೈಯಲ್ಲಿ ಹಿಡ್ಕೊಂಡು ನೋಡಿದ್ದು ಅವಳೊಬ್ಬಳೇ."

ಅಣ್ಣ ಕಲಸಿದ ತುತ್ತನ್ನು ಹಾಗೇ ಹಿಡಿದು ಕೂತ. ಅವಳು ಬಾಗಿಲ ಚೌಕಟ್ಟು ಹಿಡಿದು, ಬೂಟಿನೊಳಗೆ ಕಾಲು ತೂರಿಸಿ, ಮೈಭಾರವನ್ನು ಮೆಲ್ಲಗೆ ಅದರ ಮೇಲೆ ಬಿಟ್ಟು ನೋಡಿದಳು. ತುಟಿ ಕಚ್ಚಿಕೊಂಡಳು. ಆಮೇಲೆ ಕೆಲಸಕ್ಕೆ ಹೋದಳು.