ಕೈ ತೆಗಿ ಅಂದಾಗ

ಬೆಳಿಗ್ಗೆ ಇನ್ನೂ ಆರು ಗಂಟೆಯಾಗಿಲ್ಲ. ಟಿ. ದಾಸರಹಳ್ಳಿ ದಾಟಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಗೇಟಿನ ಹೊರಗೆ ಇಬ್ಬರು ಹೆಂಗಸರು ಚಪ್ಪಡಿ ಕಲ್ಲಿನ ಮೇಲೆ ಎದುರುಬದುರು ಕೂತಿದ್ದಾರೆ. ಚಿಕ್ಕವಳ ಬಲಗೈ ಕಲ್ಲಿನ ಮೇಲಿದೆ. ದೊಡ್ಡವಳು ಅದರ ಮೇಲೆ ಟಿಫನ್ ಕ್ಯಾರಿಯರ್ ಮುಚ್ಚಳ ಹಿಡಿದು ಹರಟುತ್ತಿದ್ದಾಳೆ.

"ನಿನ್ನೆ ಬಸ್ಸಲ್ಲಿ ಒಬ್ಬ ಸೀಟ್ ಬಿಡ್ಲಿಲ್ಲ ಕಣೆ, ನಿದ್ದೆ ಬಂದೋನ್ ತರ ನಾಟಕ, ಟೊಮೇಟೊ ರೇಟ್ ನೋಡಿದ್ಯಾ, ಕೈ ತೆಗಿ, ನಮ್ಮೆಜಮಾನ್ರಿಗೆ ಸಾರಲ್ಲಿ ಉಪ್ಪು ಕಮ್ಮಿಯಂತೆ..."

ಮುಚ್ಚಳ ಠಪ್ಪನೆ ಬೀಳುತ್ತದೆ. ಕೈ ಅಲ್ಲೇ ಇದೆ.

"ಹೋಯ್ತು ನೋಡು ಬೆರಳು. ಇನ್ಮೇಲೆ ನಿನ್ನ ಗಂಡನೇ ರೊಟ್ಟಿ ಮಾಡ್ಬೇಕು," ಎನ್ನುತ್ತಾಳೆ ದೊಡ್ಡವಳು, ತಾಹೆರಾ. ಚಿಕ್ಕವಳು ಲುಬ್ನಾ ಬೆರಳು ಉಜ್ಜಿಕೊಂಡು ನಗುತ್ತಾಳೆ. ತಾಹೆರಾ ನಗುವುದಿಲ್ಲ.

ಇಬ್ಬರದೂ ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಕೆಲಸ. ಒಬ್ಬರು ಕೈಯಿಂದ ತಗಡು ಇಡಬೇಕು, ಇನ್ನೊಬ್ಬರು "ಕೈ ತೆಗಿ" ಎಂದು ಹೇಳಿ ಪೆಡಲ್ ಒತ್ತಬೇಕು. ಒಳಗೆ ಕಣ್ಣಿಟ್ಟು ನೋಡಿ ಒತ್ತುವಷ್ಟು ಪುರುಸೊತ್ತನ್ನು ಯಾವ ಮಾಲೀಕನೂ ಕೊಟ್ಟಿಲ್ಲ. ಬಿಹಾರದಿಂದ ಬಂದು ತಿಂಗಳೂ ತುಂಬದ ಲುಬ್ನಾ ತಗಡು ಇಡುವವಳು.

"ಹಿಂದೀಲೇ ಹೇಳ್ಬಿಡಿ ಆಪಾ," ಎಂದು ಅವಳು ಹಿಂದಿಯಲ್ಲೇ ಗೋಗರೆಯುತ್ತಾಳೆ. ಮನೆಯಲ್ಲಿ ಉರ್ದು ಆಡುವ ತಾಹೆರಾಗೆ ಅದೇನೂ ಕಷ್ಟವಲ್ಲ. ಆದರೂ ಒಪ್ಪುವುದಿಲ್ಲ. "ನಾನಿದ್ರೆ ಹೇಳ್ತೀನಿ. ಮಧ್ಯಾಹ್ನದ ಪಾಳೀಲಿ ಬೈರಣ್ಣ ಇರ್ತಾರೆ. ಅವ್ರಿಗೆ ಹಿಂದಿ ಯಾರ್ ಕಲಿಸ್ತಾರೆ, ನಿಮ್ಮಪ್ಪನಾ?"

ತಾಹೆರಾಳ ಬಲಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿವೆ. ಆಂಧ್ರದ ಹಿಂದೂಪುರದಿಂದ ಮದುವೆಯಾಗಿ ಬಂದವಳಿಗೆ ಹೊರಗಿನ ಮಾತೆಲ್ಲ ಗಂಡ ಅನ್ವರ್ ಆಡಿಬಿಡುತ್ತಿದ್ದರು. ಪ್ರೆಸ್ ಕೆಲಸಕ್ಕೆ ಸೇರಿದ ಮೇಲೂ ಅವಳಿಗೆ ಕನ್ನಡ ಬರಲಿಲ್ಲ. "'ಕೈ ತೆಗಿ' ಅನ್ನೋ ಮಾತು ಕಿವಿಗೆ ಬೀಳ್ತಾನೇ ಇತ್ತು ಸಾರ್. ಮಿಷನ್ ಸದ್ದಿನ್ ಜೊತೆ ಅದೂ ಒಂದ್ ಸದ್ದು ಅನ್ಕೊಂಡಿದ್ದೆ. ಬೆರಳು ಹೋದ ದಿನಾನೇ ಅದು ತಲೆಗೆ ಹೋಗಿದ್ದು," ಎಂದು ವಿಚಾರಿಸಿದ ನನಗೆ ಹೇಳುತ್ತಾಳೆ. ಆಮೇಲೆ ಅವಳು ಒಂದೊಂದು ಮಾತನ್ನೂ ಹಿಡಿದು ನಿಲ್ಲಿಸಿ, ಕೇಳಿ, ಕನ್ನಡ ಕಲಿತಳು.

ಹೊಸಬರು ಬಂದಾಗ ಪ್ರೆಸ್ ಆಫ್ ಮಾಡಿ ಕಾಲು ಗಂಟೆ ಈ ಪಾಠ ಹೇಳುತ್ತಿದ್ದಳು. ಯಾರೂ ಹೇಳಿದ್ದಲ್ಲ. ಈಗ ಅದಕ್ಕೂ ಕಲ್ಲು ಬಿದ್ದಿದೆ. ಒಳಗೆ ಸ್ಪೀಕರ್ ಹಾಕಿದ್ದಾರೆ. ಪ್ರೆಸ್ಸುಗಳ ಆರ್ಭಟದ ನಡುವೆ ದಿನವಿಡೀ 'ನನ್ನ ಹೆಸರು, ನಿಮ್ಮ ಹೆಸರು' ಎಂದು ಕನ್ನಡ ಕಲಿಸುವ ಧ್ವನಿ ಒದರುತ್ತದೆ.

"ಕೇಳ್ತಾ ಕೇಳ್ತಾ ತಾನಾಗೇ ಬರುತ್ತೆ ಬಿಡಕ್ಕ. ಮಿಷನ್ ಯಾಕ್ ನಿಲ್ಲಿಸ್ಬೇಕು?" ಎನ್ನುತ್ತಾನೆ ಸೂಪರ್‌ವೈಸರ್ ರವಿಕಿರಣ.

"ಗೋಡೆಗೂ ಕಿವಿ ಇದೆ ಅಂತಾರಲ್ಲಪ್ಪ, ಎಷ್ಟ್ ಗೋಡೆ ಕನ್ನಡ ಮಾತಾಡ್ತಾವೆ?"

ರವಿಕಿರಣ ಇದನ್ನು ತಮಾಷೆ ಎಂದುಕೊಂಡು ನಗುತ್ತಾನೆ. ಇವರ ಲೆಕ್ಕದಲ್ಲಿ ಮಿಷನ್ ನಿಂತರೆ ನಷ್ಟ, ಬೆರಳು ಹೋದರೆ ಹಣೆಬರಹ. ಹಾಗಾಗಿ ಪಾಠ ಗೇಟಿನಾಚೆಯ ಕಲ್ಲಿಗೆ ಬಂದಿದೆ.

ಇವತ್ತಿನಿಂದ ಲುಬ್ನಾಗೆ ಮಧ್ಯಾಹ್ನದ ಪಾಳಿ; ಬೆಳಿಗ್ಗೆ ಬಂದದ್ದು ಪಾಠಕ್ಕಾಗಿಯೇ. ಇನ್ನೂ ನಾಲ್ಕು ದಿನ ತನ್ನ ಜೊತೆಗಿರಲಿ ಎಂದು ತಾಹೆರಾ ಬೇಡಿದ್ದಳು. ರವಿಕಿರಣ ಒಪ್ಪಲಿಲ್ಲ. ತನ್ನ ಪಾಳಿ ಮುಗಿದರೂ ಅವಳು ಮನೆಗೆ ಹೋಗದೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಪ್ರೆಸ್ ಹಿಂದೆ ನಿಂತಿದ್ದಾಳೆ.

ಶೆಟ್ಟಿಹಳ್ಳಿಯ ಬೈರಣ್ಣ ಪೆಡಲ್ ಮೇಲೆ ಕಾಲಿಟ್ಟುಕೊಂಡು ಪಕ್ಕದವನ ಹತ್ತಿರ ಅಳಿಯನನ್ನು ಬೈಯುತ್ತಿದ್ದಾರೆ. ತಗಡೊಂದು ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಲುಬ್ನಾಳ ಕೈ ಒಳಗೆ ಹೋಗುತ್ತದೆ.

"ಇಂಗೇ ಆದ್ರೆ ಸೈಟ್ ಮಾರ್ಕೋಬೇಕು ಅವ್ನು, ಕೈ ತೆಗಿಯಮ್ಮ, ನಾನಂತೂ ಒಂದ್ ಪೈಸೆ ಕೊಡಕಿಲ್ಲ..." ಧ್ವನಿ ಏರಲಿಲ್ಲ, ಅವರು ಇತ್ತ ತಿರುಗಲೂ ಇಲ್ಲ.

ಕೈ ಹೊರಗೆ ಬರುತ್ತದೆ. ಪ್ರೆಸ್ ಬೀಳುತ್ತದೆ.

ತಾಹೆರಾ ಶಹಬ್ಬಾಸ್ ಅನ್ನುವುದಿಲ್ಲ. ಸಂಬಳವಿಲ್ಲದ ಈ ಕಾವಲು ಯಾಕೆ ಎಂದು ಕೇಳಿದರೆ ರೇಗುತ್ತಾಳೆ.

"ಬೆರಳು ಹೋದ್ಮೇಲೆ ಆಸ್ಪತ್ರೆಗೆ ಹತ್ತು ಜನ ಬರ್ತಾರೆ ಸಾರ್. ಅದಕ್ಕಿಂತ ಮುಂಚೆ ಬಂದು ನಿಂತ್ಕೊಳ್ಳೋಕೆ ಒಬ್ರಾದ್ರೂ ಬೇಡ್ವಾ? ನಾಳೆನೂ ನಿಲ್ತೀನಿ."